ಹನ್ನೊಂದು ಲಿಂಕು

ನಮ್ಮ ಕೇರಿ ಸರ್ಕಾರದ ನಕ್ಷೆಯಲ್ಲಿ ಇಲ್ಲ. ಯಾರೋ ಹೇಳಿದ್ದನ್ನು ಕೇಳಿ ನಾನು ಹೀಗೆ ಹೇಳುತ್ತಿಲ್ಲ. ಆ ನಕ್ಷೆಗೆ ಚೈನು ಎಳೆದವನೇ ನಾನು.

ನನ್ನ ಹೆಸರು ಅಂಗಾರ. ಮಂಗಳವಾರ ಹುಟ್ಟಿದ್ದಕ್ಕೆ ಅಂಗಾರ. ನಮ್ಮಲ್ಲಿ ಹೆಸರಿಡಲು ಪಂಚಾಂಗ ಬೇಡ, ವಾರ ಗೊತ್ತಿದ್ದರೆ ಸಾಕು. ಹೆಂಡತಿ ಐತೆ, ಆದಿತ್ಯವಾರದವಳು. ನಾವು ಮೇರರು, ಊರಿನವರು ಮುಟ್ಟದ ಜಾತಿ. ನರಿಕೊಂಬಿನ ಹೊಳೆಬದಿಯಲ್ಲಿ ನಮ್ಮದು ಒಂಬತ್ತು ಮನೆ. ಮೂರನೇ ಕ್ಲಾಸಿನವರೆಗೆ ನಾನು ಶಾಲೆಯ ಹೊರಜಗಲಿಯಲ್ಲಿ ಕೂತು ಕಲಿತೆ. ಒಳಗಿನವರಿಗೆ ಹೇಳಿದ ಪಾಠ ಕಿಟಕಿಯಿಂದ ಹೊರಗೆ ಬಿದ್ದಷ್ಟು ನನ್ನ ಪಾಲು. ಅಕ್ಷರ ಕಡಿಮೆ ಬಿತ್ತು, ಅಂಕೆ ಚೆನ್ನಾಗಿ ಬಿತ್ತು. ಅದರಿಂದಾಗಿ ಬಂಟ್ವಾಳದಲ್ಲಿ ಸರ್ವೆಯವರ ಚೈನು ಎಳೆಯುವ ಕೆಲಸ ಸಿಕ್ಕಿತು. ಹಂಗಾಮಿ ಕೆಲಸ. ಎಂಟು ವರ್ಷವೂ ನಾನು ಹಂಗಾಮಿಯಾಗಿಯೇ ಇದ್ದೆ.

ಚೈನು ಎಂದರೆ ಅರುವತ್ತಾರು ಅಡಿ ಉದ್ದದ ಕಬ್ಬಿಣದ ಸರಪಳಿ. ಅದರಲ್ಲಿ ನೂರು ಲಿಂಕು, ಎರಡೂ ತುದಿಗೆ ಹಿತ್ತಾಳೆಯ ಹಿಡಿ. ಅದನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಬೇಕು, ಗದ್ದೆಯ ಕೆಸರಿಗೆ ಇಳಿಯಬೇಕು, ಮುಳ್ಳಿನೊಳಗೆ ನುಗ್ಗಬೇಕು. ಸರ್ವೇಯರು ಕೊಡೆ ಹಿಡಿದು ದಾರಿಯಲ್ಲಿ ನಿಲ್ಲುತ್ತಾರೆ. ನಾನು ಕೂಗಿದ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಬಂಟ್ವಾಳದಿಂದ ಬೆಳ್ತಂಗಡಿಯ ಲಾಯಿಲದವರೆಗೆ ಯಾರ ಜಾಗ ಎಲ್ಲಿ ಮುಗಿಯುತ್ತದೆ ಎಂದು ನನ್ನ ಅಂಗಾಲಿಗೆ ಗೊತ್ತು. ನನ್ನ ಜಾಗ ಮಾತ್ರ ಎಲ್ಲೂ ಶುರುವಾಗಿರಲಿಲ್ಲ.

ಅರುವತ್ತೊಂದನೇ ಇಸವಿಯಲ್ಲಿ ನಮ್ಮ ಊರಿನ ಧಣಿಗಳು ಶಿವಸುಬ್ರಹ್ಮಣ್ಯರು ಹೊಳೆಬದಿಯ ಜಾಗವನ್ನು ಒಂದು ಎಣ್ಣೆ ಕಂಪೆನಿಗೆ ಗೇಣಿಗೆ ಕೊಟ್ಟರು. ಜಾಗ ಅಳೆಯಲು ಸರ್ವೇಯರು ಬಂದರು, ಅವರ ಹಿಂದೆ ಚೈನು ಹೊತ್ತು ನಾನು ನನ್ನ ಮನೆಗೇ ಬಂದೆ. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಐತೆಯನ್ನು ದಾಟಿ ಚೈನು ಎಳೆದೆ. ಸಂಜೆ ಸರ್ವೇಯರು ಕಲ್ಲಿನ ಮೇಲೆ ಕಾಗದ ಹರಡಿ ಗೆರೆ ಹಾಕಿದರು. ಹಲಸಿನ ಮರ ಬಂತು. ನಾಗನಕಲ್ಲು ಬಂತು. ಹಾಳುಬಿದ್ದ ಸುಣ್ಣದ ಗೂಡು ಕೂಡ ಬಂತು. ಒಂಬತ್ತು ಮನೆ ಇರುವಲ್ಲಿ ‘ಪೊರಂಬೋಕು’ ಎಂದು ಬರೆದರು. ಯಾರಿಗೂ ಬೇಡದ, ಯಾರೂ ಇಲ್ಲದ ಜಾಗಕ್ಕೆ ಸರ್ಕಾರ ಇಟ್ಟ ಹೆಸರು ಅದು.

“ಸ್ವಾಮೀ, ನಮ್ಮ ಮನೆಗಳು?” ಎಂದು ಕೇಳಿದೆ.

“ಪೊರಂಬೋಕಿನಲ್ಲಿ ಮನೆ ಇರುವುದಿಲ್ಲ.”

“ಆದರೆ ಉಂಟಲ್ಲ ಸ್ವಾಮೀ. ಬೆಳಿಗ್ಗೆ ಅದರ ನೆರಳಿನಲ್ಲೇ ನೀವು ಕೂತದ್ದು.”

“ಉಂಟು ಮಾರಾಯ. ಆದರೆ ಇರುವುದಿಲ್ಲ,” ಎಂದರು ಸರ್ವೇಯರು. ಅವರು ಕೆಟ್ಟ ಮನುಷ್ಯ ಅಲ್ಲ. ನನಗೆ ಅರ್ಥ ಆಗಲಿ ಎಂದು ಎರಡು ಸಲ ಹೇಳಿದರು.

ಮಾರನೆಯ ದಿನ ನಮ್ಮ ಮನೆಯ ಹಿಂದಿನ ಗಡಿಕಲ್ಲಿನಿಂದ ಧಣಿಗಳ ಬಾವಿಗೆ ಅಳತೆ ಹಿಡಿಯಬೇಕಿತ್ತು. ನಾನು ಮುಂದಿನ ಹಿಡಿ ಹಿಡಿದು ಗುಡ್ಡ ಹತ್ತಿದೆ. ಒಂದು ಚೈನು, ಎರಡು, ಮೂರು, ನಾಲ್ಕು. ಬಾವಿಯ ಕಟ್ಟೆ ಕಣ್ಣ ಮುಂದೆಯೇ ಇತ್ತು. ಆಗ ಜಗಲಿಯಿಂದ ಧಣಿಗಳ ಧ್ವನಿ ಬಂತು.

“ಏ ಅಂಗಾರ, ಅಲ್ಲೇ ನಿಲ್ಲು.”

ನಿಂತೆ. ಉಳಿದದ್ದನ್ನು ತೋಟದ ಆಳಿನ ಕೈಯಲ್ಲಿ ಹಿಡಿಸುವ ಎಂದರು ಸರ್ವೇಯರು. ಧಣಿಗಳು ತಲೆ ಅಲ್ಲಾಡಿಸಿದರು. ಆಳು ಶುದ್ಧವೇ ಇರಬಹುದು, ಆದರೆ ಚೈನು ನಾನು ಮುಟ್ಟಿದ್ದು. ಅದರ ತುದಿ ಕಟ್ಟೆಗೆ ತಾಗಿದರೆ ಬಾವಿಗೇ ತಾಗಿದ ಹಾಗೆ. ಈ ತೊಡಕಿಗೆ ಸರ್ವೆಯ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಸರ್ವೇಯರು ಕೊಡೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ನಾನು ನಿಂತಲ್ಲಿಂದ ಕಟ್ಟೆಯವರೆಗೆ ನೋಡಿದರು.

“ಇಪ್ಪತ್ತು ಲಿಂಕು ಅಂತ ಹಾಕುವ,” ಎಂದರು.

ಹಾಕಿದರು. ಮೇಲೆ ಸರ್ಕಾರದ ಮೊಹರು ಬಿತ್ತು. ನನಗೆ ಅದು ಇಪ್ಪತ್ತಕ್ಕಿಂತ ಹೆಚ್ಚು ಕಂಡಿತು, ಆದರೆ ನನ್ನ ಕಣ್ಣಿಗೆ ಮೊಹರು ಇರಲಿಲ್ಲ.

ಕಂಪೆನಿ ಬಂತು. ತಗಡಿನ ಚಪ್ಪರ ಎದ್ದಿತು. ಮಂಗಳೂರು ಬಂದರಿನಿಂದ ಲಾರಿಯಲ್ಲಿ ಡ್ರಮ್ಮುಗಳು ಬಂದು ಇಳಿದವು. ಲಾರಿಯ ಡ್ರೈವರ್ ಮೊಯ್ದೀನ್ ಒಳ್ಳೆಯ ಜನ, ನಮ್ಮ ಅಂಗಳದ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನೇ ನಮಗೆ ವಿಷಯ ತಿಳಿಸಿದ್ದು. ಅದು ಸೀಮೆಎಣ್ಣೆಯ ಜಾತಿಯದ್ದೇ ಎಣ್ಣೆ, ನೆಲದಡಿಯಿಂದ ತೆಗೆದದ್ದು. ಅದಕ್ಕೆ ತಾಮ್ರದ ಹಸಿರು ಹುಡಿ ಕಲಸಿ ಮಡಂತ್ಯಾರಿನ ದಾರಿಯಾಗಿ ಬೆಳ್ತಂಗಡಿಯ ಗುಡ್ಡಗಳಿಗೆ ಕಳಿಸುತ್ತಾರೆ. ಅಲ್ಲಿ ಮಳೆಗೆ ಮೊದಲು ರಬ್ಬರ್ ಮರಗಳಿಗೆ ಅದನ್ನು ಮದ್ದಾಗಿ ಬಿಡುತ್ತಾರೆ. ಬಿಡದಿದ್ದರೆ ಮಳೆಗಾಲದಲ್ಲಿ ರಬ್ಬರಿನ ಎಲೆ ಉದುರುತ್ತದಂತೆ.

“ಮರಕ್ಕೆ ಕಾಯಿಲೆ ಬರಬಾರದಲ್ಲ, ಅದಕ್ಕೆ,” ಎಂದ ಮೊಯ್ದೀನ್.

ಖಾಲಿ ಡ್ರಮ್ಮು ವಾಪಸು ಬಂದರೆ ತೊಳೆಯಬೇಕು. ತೊಳೆಯುವವರು ನಮ್ಮ ಹೆಂಗಸರು. ಊರಿನ ಬೇರೆ ಯಾರೂ ಆ ಕೆಲಸಕ್ಕೆ ಬರಲಿಲ್ಲ, ಕಂಪೆನಿಯೂ ಬೇರೆ ಯಾರನ್ನೂ ಕರೆಯಲಿಲ್ಲ. ಡ್ರಮ್ಮನ್ನು ಉರುಳಿಸಿ ತರಬೇಕು. ಕಾಸ್ಟಿಕ್ ಸೋಡಾದ ಬಿಸಿನೀರು ಹೊಯ್ಯಬೇಕು. ಮೇಲಿನ ಮುಚ್ಚಳ ಕತ್ತರಿಸಿದ ಡ್ರಮ್ಮಿಗೆ ಸೊಂಟದವರೆಗೆ ಬಗ್ಗಿ, ತಲೆ ಒಳಗೆ ಹಾಕಿ, ತೆಂಗಿನ ಸಿಪ್ಪೆಯಿಂದ ತಿಕ್ಕಬೇಕು. ಹತ್ತು ತಿಕ್ಕಿಗೆ ಒಮ್ಮೆ ತಲೆ ಹೊರಗೆ ತಂದು ಉಸಿರು ತೆಗೆಯಬೇಕು. ಐತೆ ಒಂದು ದಿನ ಉಸಿರಿಗೆ ಹೊರಗೆ ಬರಲಿಲ್ಲ. ಪಕ್ಕದವಳು ಕಾಲು ಹಿಡಿದು ಎಳೆದಳು. ಕೆಲಸದ ಹೊತ್ತಿನಲ್ಲಿ ಮಲಗಿದ್ದಕ್ಕೆ ಮ್ಯಾನೇಜರು ಬೈದರು.

ಅವಳ ಉಗುರು ಹಸಿರಾಯಿತು. ಅಂಗೈಯ ಚರ್ಮ ಪದರು ಪದರಾಗಿ ಎದ್ದಿತು. ಮೊಣಕೈವರೆಗೆ ಹುಣ್ಣು. ಗಂಜಿಗೆ ಉಪ್ಪು ಹಾಕಿದರೆ ಕಲಸಲು ಆಗುತ್ತಿರಲಿಲ್ಲ, ನಾನು ಕಲಸಿ ಬಾಯಿಗೆ ಇಡುತ್ತಿದ್ದೆ. ಅವಳಿಗೆ ಅದು ನಾಚಿಕೆ. ನನಗೆ ಸಿಟ್ಟು.

ಡ್ರಮ್ಮು ತೊಳೆದ ನೀರು ಒಂದು ಚರಂಡಿಯಾಗಿ ಹೊಳೆಗೆ ಹೋಗುತ್ತಿತ್ತು. ಚರಂಡಿಯಿಂದ ಇಪ್ಪತ್ತು ಹೆಜ್ಜೆ ಕೆಳಗೆ ನಮ್ಮ ಒರತೆ. ಹೊಳೆಯ ಹೊಯ್ಗೆಯನ್ನು, ಎಂದರೆ ಮರಳನ್ನು, ಕೈಯಿಂದ ತೋಡಿ, ಗುಂಡಿಯಲ್ಲಿ ಊರಿದ ನೀರನ್ನು ತೆಂಗಿನ ಗೆರಟೆಯಿಂದ ಮೊಗೆದು ಕುಡಿಯುವವರು ನಾವು. ಬಾವಿ ಇಲ್ಲದವರಿಗೆ ಬಾವಿಹಗ್ಗವೂ ಇಲ್ಲ. ಕೇರಿಯಲ್ಲಿ ಹುಡುಕಿದರೂ ಒಂದು ಹಗ್ಗ ಸಿಗುತ್ತಿರಲಿಲ್ಲ. ಎರಡನೇ ಬೇಸಿಗೆಯಲ್ಲಿ ಒರತೆಯ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಾಣಿಸಿತು. ಮಕ್ಕಳಿಗೆ ಚೆಂದ ಕಂಡಿತು. ಆಮೇಲೆ ಮಕ್ಕಳು ವಾಂತಿ ಮಾಡಿದರು, ಅವರ ಬಾಯಿಯಲ್ಲಿ ಹುಣ್ಣು ಎದ್ದಿತು. ಅನ್ನ ಬೆಂದರೆ ಲಾಟೀನು ಹಚ್ಚಿದ ವಾಸನೆ. ಇಡೀ ದಿನ ಹೊಳೆಯಲ್ಲಿ ನಿಂತು ದೋಣಿಗೆ ಹೊಯ್ಗೆ ತುಂಬುವ ನಮ್ಮ ಕೇರಿಯ ಚನಿಯನಿಗೆ ಸೊಂಟದಿಂದ ಕೆಳಗೆ ಹುಣ್ಣು ಎದ್ದು, ಅವನು ಕೋಮಣ ಕಟ್ಟುವುದಕ್ಕೂ ಅಳುತ್ತಿದ್ದ.

ಧಣಿಗಳ ಹತ್ತಿರ ಹೋಗಿ ಬೇಡಿಕೊಂಡೆವು. ಬಾವಿಯಿಂದ ಒಂದೊಂದು ಕೊಡ ನೀರು, ನಾವು ಮುಟ್ಟುವುದಿಲ್ಲ, ಆಳು ಮೇಲಿನಿಂದ ಹೊಯ್ದರೆ ಸಾಕು ಎಂದೆವು. ಈಗ ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆ. “ಎದುರಿಗೆ ಅಷ್ಟು ದೊಡ್ಡ ಹೊಳೆ ಇರುವಾಗ ಬಾವಿ ಯಾಕೆ ನಿಮಗೆ?” ಎಂದರು ಧಣಿಗಳು. ಮ್ಯಾನೇಜರ ಹತ್ತಿರ ಹೋದೆವು. ಅವರು ಓದಿದವರು, ವಿಜ್ಞಾನ ಹೇಳಿದರು. “ಎಣ್ಣೆ ನೀರಿಗೆ ಸೇರುವುದಿಲ್ಲ, ಮೇಲೆ ತೇಲ್ತದೆ. ಮೇಲಿನದ್ದು ಚೆಲ್ಲಿ ಕೆಳಗಿನದ್ದು ಕುಡಿಯಿರಿ.”

ಕೊನೆಗೆ ನಾರಾಯಣಮೂರ್ತಿ ಮಾಸ್ಟ್ರು ನಮ್ಮ ಕೈ ಹಿಡಿದರು. ಕೈ ಹಿಡಿದರು ಎಂದರೆ ಬರೇ ಮಾತಿಗೆ ಹೇಳಿದ್ದು. ಖಾದಿ ಉಡುವವರು, ಮನುಷ್ಯರೆಲ್ಲ ಒಂದೇ ಎನ್ನುವವರು. ನಮ್ಮ ಕೇರಿಗೆ ಬಂದ ಮೊದಲ ಮೇಲುಜಾತಿಯವರು ಅವರೇ. ಬರುವಾಗ ಕುಡಿಯುವ ನೀರನ್ನು ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತಿದ್ದರು. ನಮ್ಮಿಂದ ಅರ್ಜಿ ಬರೆಸಿದರು, ಆಮೇಲೆ ತಲೆ ಕೆರೆದುಕೊಂಡರು.

“ಅರ್ಜಿ ಮಾತ್ರ ಸಾಲದು ಅಂಗಾರ. ಸಾಕ್ಷಿ ಬೇಕು. ನೀವು ಬಾಯಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಫೋಟೋ ಇದ್ದರೆ ನಂಬ್ತಾರೆ. ಮೂಡಬಿದ್ರೆಯಲ್ಲಿ ನನ್ನ ಗುರುತಿನ ರುಕ್ಮಯ್ಯ ಅಂತ ಇದ್ದಾನೆ, ಸ್ಟುಡಿಯೋದವ. ಧರ್ಮಕ್ಕೆ ತೆಗೆದುಕೊಡ್ತೇನೆ ಅಂದಿದ್ದಾನೆ.”

ರುಕ್ಮಯ್ಯ ಬಂದ. ಮೂರು ಕಾಲಿನ ಕ್ಯಾಮರಾ, ಕರಿಯ ಬಟ್ಟೆ, ಪೆಟ್ಟಿಗೆಯಲ್ಲಿ ಗಾಜಿನ ಪ್ಲೇಟು. ಫೋಟೋ ಎಂದರೆ ಮದುವೆಗೆ ತೆಗೆಯುವುದು ಎಂದು ಮಾತ್ರ ನಮಗೆ ಗೊತ್ತು. ಹೆಂಗಸರು ಪೆಟ್ಟಿಗೆಯ ಸೀರೆ ಉಟ್ಟರು. ಚನಿಯ ತಲೆಗೆ ಎಣ್ಣೆ ಹಚ್ಚಿ ಕ್ರಾಪು ಬಾಚಿದ. ಆದರೂ ತೋರಿಸಬೇಕಾದ್ದನ್ನು ತೋರಿಸಿದರು. ಐತೆ ಎರಡೂ ಕೈ ಮುಂದಕ್ಕೆ ಚಾಚಿದಳು. ಚನಿಯ ಮುಂಡು ಮೇಲೆತ್ತಿ ತೊಡೆ ತೋರಿಸಿದ. ಅಷ್ಟು ಜನರ ಎದುರು ಹುಣ್ಣು ತೋರಿಸಿ ನಿಲ್ಲುವುದು ಸಣ್ಣ ಕೆಲಸ ಅಲ್ಲ. ರುಕ್ಮಯ್ಯ ಕರಿಯ ಬಟ್ಟೆಯೊಳಗೆ ಹೋಗಿ ಬಂದು ಹೋಗಿ ಬಂದು ಹನ್ನೆರಡು ಫೋಟೋ ತೆಗೆದ. ಅವನ ಕಣ್ಣಲ್ಲಿ ನೀರಿತ್ತು. ನಾನೇ ನೋಡಿದ್ದೇನೆ.

ತಿಂಗಳು ಬಿಟ್ಟು ಫೋಟೋ ಬಂತು. ಮಾಸ್ಟ್ರು ಲಕೋಟೆ ಬಿಚ್ಚಿದರು.

ಫೋಟೋದಲ್ಲಿ ಐತೆಯ ಕೈ ಬೆಣ್ಣೆಯ ಹಾಗೆ ಇತ್ತು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಚನಿಯನ ತೊಡೆ ಪೈಲ್ವಾನನ ತೊಡೆ. ಮಕ್ಕಳ ಬಾಯಿಯ ಹುಣ್ಣು ಮಾಯ. ಅವರ ಹಿಂದಿನ ಕೊಳಕು ಚರಂಡಿ ಇರುವಲ್ಲಿ ಬಿಳೀ ರಸ್ತೆಯೊಂದು ಹೊಳೆಯವರೆಗೆ ಹೋಗಿತ್ತು. ನಮ್ಮ ಕೇರಿಗೆ ರಸ್ತೆ ಬಂದದ್ದು ಅದೇ ಮೊದಲು.

ನಾನೂ ಮಾಸ್ಟ್ರೂ ಬಸ್ಸು ಹಿಡಿದು ಮೂಡಬಿದ್ರೆಗೆ ಹೋದೆವು. ರುಕ್ಮಯ್ಯ ಖುಷಿಯಿಂದ ಎದ್ದು ಬಂದ.

“ಹೇಗೆ ಬಂತು? ಒಂದೊಂದು ಪ್ಲೇಟಿಗೆ ಎರಡು ದಿನ ಕೂತಿದ್ದೇನೆ. ಸೀಸದ ಕಡ್ಡಿ ಸೂಜಿಯ ಹಾಗೆ ಹೆರೆದು, ಹುಣ್ಣಿಗೆ ಹುಣ್ಣು ಮುಚ್ಚಿದ್ದೇನೆ. ಚರಂಡಿಗೆ ಬಣ್ಣ ಹೊಡೆದೆ. ನನ್ನ ಸ್ಟುಡಿಯೋದಿಂದ ಇಂದಿನವರೆಗೆ ಕಲೆ ಇರುವ ಮುಖ ಹೊರಗೆ ಹೋಗಲಿಲ್ಲ. ಸಿಡುಬಿನ ಕಲೆಯ ಎಷ್ಟು ಹೆಣ್ಣುಮಕ್ಕಳಿಗೆ ಗಂಡು ಸಿಕ್ಕಿದ್ದು ಈ ಕೈಯಿಂದ.”

“ಹುಣ್ಣು ಕಾಣಬೇಕು ಅಂತಲೇ ತೆಗೆಸಿದ್ದು ಮಾರಾಯ,” ಎಂದರು ಮಾಸ್ಟ್ರು.

ರುಕ್ಮಯ್ಯನಿಗೆ ಅದು ತಲೆಗೆ ಹೋಗಲು ಸುಮಾರು ಹೊತ್ತು ಬೇಕಾಯಿತು. ಹುಣ್ಣು ಕಾಣಲಿ ಎಂದು ಯಾರಾದರೂ ಫೋಟೋ ತೆಗೆಸುತ್ತಾರೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಬಡವರು, ಪಾಪ, ಒಮ್ಮೆಯಾದರೂ ಚೆಂದ ಕಾಣಲಿ ಎಂದು ಮಾಡಿದ ಉಪಕಾರ ಅದು. ಅರ್ಥವಾದ ಮೇಲೆ ಅವನು ಸ್ಟೂಲಿನ ಮೇಲೆ ಕೂತು ತನ್ನ ಸೀಸದ ಕಡ್ಡಿಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಒಂದು ಪ್ರತಿ ಅರ್ಜಿಯ ಜೊತೆ ತಾಲೂಕು ಕಚೇರಿಗೆ ಹೋಗಿ ಆಗಿತ್ತು. ಫೋಟೋ ಲಗತ್ತಿಸಲೆಂದು ಮಾಸ್ಟ್ರು ಅವನಲ್ಲಿ ಬಿಟ್ಟಿದ್ದ ಅರ್ಜಿಯನ್ನು ಅವಸರದ ರುಕ್ಮಯ್ಯ ಧರ್ಮಕ್ಕೆ ಅಂಚೆಗೂ ಹಾಕಿಬಿಟ್ಟಿದ್ದ.

ಊರಿಗೆ ಬರುವ ಬಸ್ಸಿನಲ್ಲಿ ನಾನು ನಿರ್ಧಾರ ಮಾಡಿದೆ. ನಕ್ಷೆ ನನ್ನ ಕೆಲಸ. ಅದನ್ನು ನಾನು ಬೇರೆಯವರ ಕೈಗೆ ಬಿಡುವುದಿಲ್ಲ. ಸರ್ಕಾರದ ಚೈನನ್ನು ಮನೆಗೆ ತರುವ ಹಾಗಿಲ್ಲ. ಅರುವತ್ತಾರು ಅಡಿ ಹುರಿಹಗ್ಗ ಹೊಸೆದೆ. ಕೆಲಸದ ಬಿಡುವಿನಲ್ಲಿ ಚೈನಿನ ಪಕ್ಕದಲ್ಲಿ ಹಾಸಿ, ಹತ್ತು ಹತ್ತು ಲಿಂಕಿಗೆ ಒಂದು ದೊಡ್ಡ ಗಂಟು, ಒಂದೊಂದು ಲಿಂಕಿಗೆ ಒಂದು ಕೆಂಪು ನೂಲು ಕಟ್ಟಿದೆ. ಆದಿತ್ಯವಾರ ಐತೆ ಒಂದು ತುದಿ ಹಿಡಿದಳು, ನಾನು ಒಂದು ತುದಿ. ಅವಳ ಕೈಗೆ ಹಗ್ಗ ಚುಚ್ಚುತ್ತಿತ್ತು, ಬಟ್ಟೆ ಸುತ್ತಿಕೊಂಡಳು. ಕಂಪೆನಿ ಕೊಟ್ಟ ಕ್ಯಾಲೆಂಡರಿನ ಹಿಂಬದಿ ದಪ್ಪ, ಬಿಳಿ, ಚೆಂದದ ಕಾಗದ. ಅದರ ಮೇಲೆ ಒಂಬತ್ತು ಮನೆ ಬರೆದೆ. ಚರಂಡಿ, ಒರತೆ, ಮಧ್ಯದ ಅಳತೆ. ಯಾವ ಮನೆಯಲ್ಲಿ ಯಾರಿಗೆ ಹುಣ್ಣು, ಯಾರಿಗೆ ವಾಂತಿ, ಯಾವ ಮನೆಯ ಮಗು ತೀರಿಹೋಯಿತು, ಎಲ್ಲ ಬರೆದೆ. ಚರಂಡಿಗೆ ಹತ್ತಿರದ ಮೂರು ಮನೆಯಲ್ಲಿ ಬಿಡಿಸಿ ಬರೆಯಲು ಜಾಗ ಸಾಲಲಿಲ್ಲ.

ಬಾವಿಯನ್ನೂ ಬರೆದೆ. ಗಡಿಕಲ್ಲಿನಿಂದ ನಾಲ್ಕು ಚೈನು, ಆಮೇಲೆ ಒಂದು ಪ್ರಶ್ನೆಯ ಗುರುತು. ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ.

ಅರುವತ್ತೈದರ ಪಗ್ಗು ತಿಂಗಳಲ್ಲಿ, ನಡುಬೇಸಿಗೆಗೆ, ತನಿಖೆ ಬಂತು. ನೆತ್ತಿ ಸುಡುವ ಬಿಸಿಲು. ಕಂಪೆನಿಯ ಚಪ್ಪರದಡಿ ಬೆಂಚು ಹಾಕಿದ್ದರು. ತಹಶೀಲ್ದಾರರು, ಹೆಲ್ತ್ ಇನ್‌ಸ್ಪೆಕ್ಟರು, ಸರ್ವೇಯರು, ಮ್ಯಾನೇಜರು, ಧಣಿಗಳು, ತುದಿಯಲ್ಲಿ ಮಾಸ್ಟ್ರು, ಹೀಗೆ ಆರು ಜನ ಸಾಲಾಗಿ ಕೂತರು. ಇಂಥ ದೊಡ್ಡವರು ಬಂದ ನೆನಪಿಗೆ ಒಂದು ಫೋಟೋ ಇರಲಿ ಎಂದು ಮ್ಯಾನೇಜರು ರುಕ್ಮಯ್ಯನನ್ನೇ ಕರೆಸಿದ್ದರು. ಅವನು ನಮ್ಮ ಮುಖ ನೋಡದೆ ಮೂರು ಕಾಲು ನೆಟ್ಟ. ನಾವು ಬಿಸಿಲಿನಲ್ಲಿ ನಿಂತೆವು. ಚೈನು ಹೆಗಲ ಮೇಲಿದ್ದ ಕಾರಣ ನಾನು ಎರಡೂ ಕಡೆಯವನು.

ತಹಶೀಲ್ದಾರರು ಮೊದಲು ಒಂದು ಸಣ್ಣ ಭಾಷಣ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಎಲ್ಲರೂ ಸಮಾನರು, ಅಸ್ಪೃಶ್ಯತೆ ಈಗ ಕಾನೂನಿನ ಪ್ರಕಾರ ಅಪರಾಧ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಧಣಿಗಳು ಕೂಡ. ಆಮೇಲೆ ಫೋಟೋಗಳನ್ನು ಕೈಯಿಂದ ಕೈಗೆ ದಾಟಿಸಿದರು.

“ಎಷ್ಟು ಆರೋಗ್ಯವಂತ ಜನ,” ಎಂದರು ತಹಶೀಲ್ದಾರರು.

“ಹೊಳೆಯ ಗಾಳಿ,” ಎಂದರು ಧಣಿಗಳು.

ಹೆಲ್ತ್ ಇನ್‌ಸ್ಪೆಕ್ಟರು ಐತೆಯ ಕೈಯ ಫೋಟೋವನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು. ಐತೆ ಎದುರಿಗೇ ನಿಂತಿದ್ದಳು, ನಿಜವಾದ ಕೈ ಇಳಿಬಿಟ್ಟುಕೊಂಡು. ಅದನ್ನು ನೋಡಬೇಕಾದರೆ ಕತ್ತು ಎತ್ತಬೇಕಿತ್ತು. ಫೋಟೋಕ್ಕೆ ದಾಖಲೆಯ ನಂಬರು ಉಂಟು, ಕೈಗೆ ನಂಬರು ಇಲ್ಲ ಎಂದರು.

ಸರ್ವೇಯರು ಸರ್ಕಾರದ ನಕ್ಷೆ ಬಿಚ್ಚಿದರು. ತಹಶೀಲ್ದಾರರು ಬೆರಳಿಟ್ಟು ಹುಡುಕಿದರು. “ಇಲ್ಲಿ ಯಾರೂ ಇಲ್ಲವಲ್ಲ. ಫೋಟೋದಲ್ಲಿ ಎಲ್ಲರೂ ಸೌಖ್ಯ. ಹಾಗಾದರೆ ದೂರು ಕೊಟ್ಟದ್ದು ಯಾರು?”

ನಾನು ಮುಂದೆ ಹೋಗಿ ಕ್ಯಾಲೆಂಡರು ಬಿಚ್ಚಿದೆ. ತಹಶೀಲ್ದಾರರು ಅದನ್ನು ತಿರುಗಿಸಿ ಕಂಪೆನಿಯ ಲಕ್ಷ್ಮಿಯ ಚಿತ್ರ ನೋಡಿದರು, ಮತ್ತೆ ತಿರುಗಿಸಿ ನನ್ನ ನಕ್ಷೆ ನೋಡಿದರು. ಕೆಲಸ ಸರಿ ಉಂಟು ಎಂದು ಸರ್ವೇಯರ ಮುಖದಲ್ಲಿ ನನಗೆ ಕಂಡಿತು. ಅವರು ಬಾಯಿ ಬಿಡಲಿಲ್ಲ.

“ಇದಕ್ಕೆ ಮೊಹರು ಎಲ್ಲಿ?” ಎಂದರು ತಹಶೀಲ್ದಾರರು. ಮಡಚಿ ಬೆಂಚಿನಡಿ ಇಟ್ಟರು.

ಅಷ್ಟರಲ್ಲಿ ಮ್ಯಾನೇಜರು ಬೊಂಡ ತರಿಸಿದರು. ಆರು ಜನರಿಗೂ ಒಂದೊಂದು ಎಳನೀರು ಕೆತ್ತಿ ಕೈಗೆ ಕೊಟ್ಟರು. ಆಗ ಐತೆ ಅಲ್ಲಿಂದ ಹೊರಟಳು. ಹೊರಟದ್ದು ಯಾರಿಗೂ ಗೊತ್ತಾಗಲಿಲ್ಲ. ಬರುವಾಗ ಅವಳ ಕೈಯಲ್ಲಿ ಬಿದಿರಿನ ಗೆರಸಿ, ಗೆರಸಿಯಲ್ಲಿ ಆರು ಗೆರಟೆ. ಗೆರಟೆಯ ತುಂಬ ಆಗ ಮೊಗೆದ ಒರತೆಯ ನೀರು. ಒಂದೊಂದರ ಪಕ್ಕ ಒಂದು ತುಂಡು ಬೆಲ್ಲ. ಧಣಿಗಳ ಹಿತ್ತಲಿನಲ್ಲಿ ನಮಗೆ ಗಂಜಿ ಹೊಯ್ಯುವ ಗೆರಟೆಗಳೇ ಅವು. ಬಾಗಿ ಒಬ್ಬೊಬ್ಬರ ಮುಂದೆಯೂ ನೆಲದ ಮೇಲೆ ಇಟ್ಟಳು.

“ಮನೆ ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಇರ್ಲಿಕ್ಕುಂಟಾ? ಬಿಸಿಲಿಗೆ ಬಂದಿದ್ದೀರಿ. ಕುಡಿಯಿರಿ,” ಎಂದಳು.

ಈ ಜಿಲ್ಲೆಯಲ್ಲಿ ಶತ್ರು ಬಂದರೂ ಮೊದಲು ಬೆಲ್ಲ ನೀರು ಕೊಡುವುದು. ಕೊಟ್ಟದ್ದನ್ನು ಬೇಡ ಎನ್ನುವುದು ಮನೆಯವರ ಮುಖಕ್ಕೆ ಹೊಡೆದ ಹಾಗೆ. ಅದು ಆರು ಜನರಿಗೂ ಗೊತ್ತು. ಕರಿಯ ಗೆರಟೆಯಲ್ಲಿ ನೀರಿನ ಮೇಲಿನ ಪೊರೆ ಕಾಮನಬಿಲ್ಲಿನ ಹಾಗೆ ಹೊಳೆಯುತ್ತಿತ್ತು. ಒಬ್ಬರೂ ಕೈ ಹಾಕಲಿಲ್ಲ. ಮಾಸ್ಟ್ರು ಮಾತ್ರ ಗೆರಟೆ ಎತ್ತಿದರು. ಬಾಯಿಯ ಹತ್ತಿರದವರೆಗೆ ತಂದರು. ಮತ್ತೆ ಮೆಲ್ಲ ಕೆಳಗೆ ಇಟ್ಟರು.

“ವಾಸನೆ ಉಂಟು,” ಎಂದರು.

“ಏನು?” ಎಂದರು ತಹಶೀಲ್ದಾರರು.

“ಏನಿಲ್ಲ,” ಎಂದರು ಮಾಸ್ಟ್ರು.

ಎಂಟು ವರ್ಷ ಲೆಕ್ಕ ಮಾತ್ರ ಕೂಗಿದ ಬಾಯಿ ನನ್ನದು. ಅದೇ ಧ್ವನಿಯಲ್ಲಿ ಹೇಳಿದೆ.

“ಸ್ವಾಮೀ, ನೀರು ಯಾಕೆ ಕುಡಿಯಲಿಲ್ಲ ಅಂತ ವರದಿಯಲ್ಲಿ ಬರೆಯಿರಿ. ಎಣ್ಣೆ ಉಂಟು ಅಂತ ಕುಡಿಯದಿದ್ದರೆ ಹಾಗೆ ಬರೆಯಿರಿ, ನಮ್ಮ ದೂರು ಸರಿ. ನಾವು ಮುಟ್ಟಿದ್ದು ಅಂತ ಕುಡಿಯದಿದ್ದರೆ ಹಾಗೆ ಬರೆಯಿರಿ, ಅದು ಅಪರಾಧ ಅಂತ ಈಗ ನೀವೇ ಹೇಳಿದ್ದು. ಎರಡೂ ಅಲ್ಲದಿದ್ದರೆ ಕುಡಿಯಿರಿ.”

ತಹಶೀಲ್ದಾರರ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವರು ಬೊಂಡವನ್ನು ಎರಡೂ ಕೈಯಿಂದ ಎತ್ತಿ, ಕಣ್ಣು ಮುಚ್ಚಿ, ಗಟಗಟ ಕುಡಿದರು. ಉಳಿದವರೂ ಎತ್ತಿದರು. ಆಗ ಕರಿಯ ಬಟ್ಟೆಯೊಳಗಿನಿಂದ ಟಕ್ ಎಂದು ಸದ್ದಾಯಿತು. ರುಕ್ಮಯ್ಯ ಫೋಟೋ ತೆಗೆದಿದ್ದ.

ತಹಶೀಲ್ದಾರರು ಬಾಯಿ ಒರೆಸಿಕೊಂಡು ಗುಮಾಸ್ತನಿಗೆ ಹೇಳಿ ಬರೆಸಿದರು. “ಸ್ಥಳೀಯರು ನೀರು ನೀಡಿದರು. ಅಧಿಕಾರಿಗಳಿಗೆ ಬಾಯಾರಿಕೆ ಇರಲಿಲ್ಲ.”

ಬರೆಸಿ ಎದ್ದರು. “ಅಂಗಾರ, ಚೈನು ಬಿಡಿಸು. ಚರಂಡಿ ಕಂಪೆನಿಯ ಗಡಿಯೊಳಗೇ ಉಂಟು ಅಂತ ಒಮ್ಮೆ ಅಳೆದು ಮುಗಿಸುವ.”

ಹೆಗಲ ಮೇಲಿನ ಚೈನು ಇಳಿಸಿದೆ. ಬಿಡಿಸಲಿಲ್ಲ. ತಹಶೀಲ್ದಾರರ ಗೆರಟೆಯ ಪಕ್ಕದಲ್ಲಿ ಇಟ್ಟೆ.

“ಎಳೆಯುವುದಿಲ್ಲ,” ಎಂದೆ.

“ಏನಂದೆ?”

“ನಾನು ಇರುವುದಿಲ್ಲ ಸ್ವಾಮೀ. ಪೊರಂಬೋಕಿನವ. ಇಲ್ಲದವ ಚೈನು ಎಳೆಯುವುದು ಹೇಗೆ?”

ಹಂಗಾಮಿ ಕೆಲಸ ಅಲ್ಲಿಗೆ ಮುಗಿಯಿತು. ಬೆಂಚಿನಡಿಯ ನನ್ನ ನಕ್ಷೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಿಸಿಲಿನಲ್ಲಿ ಸರ್ವೇಯರು ತಾವೇ ಚೈನು ಎಳೆದರು. ಅವರು ಎಡವುವುದನ್ನು ಕೇರಿಯ ಮಕ್ಕಳು ಸಾಲಾಗಿ ಕೂತು ನೋಡಿದರು.

ಹದಿನೈದು ದಿನದ ಮೇಲೆ ಮೂಡಬಿದ್ರೆಯ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ, ಮದುಮಕ್ಕಳ ಫೋಟೋಗಳ ನಡುವೆ, ಒಂದು ಹೊಸ ಫೋಟೋ ನೇತಾಡಿತು. ಆರು ಜನ ದೊಡ್ಡವರು ಬೊಂಡಕ್ಕೆ ಬಾಯಿ ಕೊಟ್ಟು ಆಕಾಶ ನೋಡುತ್ತಿದ್ದಾರೆ. ಅವರ ಕಾಲ ಬುಡದಲ್ಲಿ ಆರು ತುಂಬಿದ ಗೆರಟೆ. ಹಿಂದೆ ಚರಂಡಿ, ಇದ್ದ ಹಾಗೆಯೇ ಕಪ್ಪಾಗಿ. ಬದಿಯಲ್ಲಿ ಐತೆ, ಹುಣ್ಣಿನ ಕೈಯೊಂದಿಗೆ. ತಹಶೀಲ್ದಾರರ ಮೂಗಿನ ಮೇಲಿನ ನರಹುಲಿ ಕೂಡ ಹಾಗೇ ಇತ್ತು. ರುಕ್ಮಯ್ಯ ಒಂದು ಚುಕ್ಕೆ ತಿದ್ದಿರಲಿಲ್ಲ. ಕೆಳಗೆ ವರದಿಯ ಸಾಲನ್ನು ಚೆಂದದ ಅಕ್ಷರದಲ್ಲಿ ಬರೆದು ಅಂಟಿಸಿದ್ದ: ಬಾಯಾರಿಕೆ ಇರಲಿಲ್ಲ. ಆ ಸಾಲನ್ನು ಅವನಿಗೆ ಕೊಟ್ಟವರು ಮಾಸ್ಟ್ರು. ಅಷ್ಟಾದರೂ ಮಾಡಿದರು.

ಬಸ್ಸಿನವರು ಇಳಿದು ನೋಡಿ ನಕ್ಕರು. ಬೆಳ್ತಂಗಡಿಯ ಸಂತೆಯಲ್ಲೂ ಆ ಮಾತು ಬಂತು. ಮೇಲಧಿಕಾರಿಗಳಿಗೂ ಒಂದು ಪ್ರತಿ ಹೋಯಿತು. ತೆಗೆದುಹಾಕು ಎಂದು ಹೇಳಲು ಯಾರೋ ಸ್ಟುಡಿಯೋಕ್ಕೆ ಬಂದರಂತೆ. “ಕಂಪೆನಿಯವರೇ ತೆಗ್ಸಿದ ಫೋಟೋ ಅಲ್ಲವಾ?” ಎಂದನಂತೆ ರುಕ್ಮಯ್ಯ.

ಆಮೇಲೆ ಆದೇಶ ಬಂತು. ಚರಂಡಿಯ ವಿಷಯ ಅದರಲ್ಲಿ ಇರಲಿಲ್ಲ. ಮಾನವೀಯ ದೃಷ್ಟಿಯಿಂದ ಪೊರಂಬೋಕಿನ ನಿವಾಸಿಗಳಿಗೆ ಕಂಪೆನಿ ಕುಡಿಯುವ ನೀರು ಪೂರೈಸಬೇಕು ಎಂದಿತ್ತು. ಇಲ್ಲದ ನಮಗೆ ಇಲ್ಲದ ಬಾಯಾರಿಕೆಗೆ ನೀರು. ಮರುದಿನವೇ ಮೊಯ್ದೀನಿನ ಲಾರಿ ಕೇರಿಯ ಮುಂದೆ ನಿಂತಿತು. ಮ್ಯಾನೇಜರು ಮುಂದಿನ ಸೀಟಿನಿಂದ ಇಳಿದರು. ಹಿಂದಿನಿಂದ ನಾಲ್ಕು ಡ್ರಮ್ಮು ಇಳಿಸಿದರು. ಮೊಯ್ದೀನ್ ಇಳಿಯಲೇ ಇಲ್ಲ. ಸ್ಟೇರಿಂಗು ಹಿಡಿದು ತಲೆ ತಗ್ಗಿಸಿ ಕೂತಿದ್ದ.

“ಒಳ್ಳೆಯ ನೀರು. ಡ್ರಮ್ಮು ಚೆನ್ನಾಗಿ ತೊಳೆದದ್ದು,” ಎಂದರು ಮ್ಯಾನೇಜರು.

ಐತೆ ಹತ್ತಿರ ಹೋದಳು. ಡ್ರಮ್ಮಿನ ಅಂಚಿನ ಮೇಲೆ ಅಂಗೈ ಇಟ್ಟಳು. ಮುಟ್ಟಿದ ತಕ್ಷಣ ಅವಳಿಗೆ ಗುರುತು ಸಿಕ್ಕಿತು.

“ಗೊತ್ತುಂಟು. ತೊಳೆದವಳು ನಾನೇ. ಎಷ್ಟು ತೊಳೆದಿದ್ದೇನೆ, ಏನು ಹೋಗಿಲ್ಲ, ಎರಡೂ ನನಗೇ ಗೊತ್ತಿರುವುದು.”

ಕಾಲು ಕೊಟ್ಟು ದೂಡಿದಳು. ಡ್ರಮ್ಮು ಉರುಳಿತು. ಉಳಿದ ಮೂರನ್ನು ಬೇರೆ ಹೆಂಗಸರು ಉರುಳಿಸಿದರು. ಡ್ರಮ್ಮು ಉರುಳಿಸುವ ಕೆಲಸ ಅವರಿಗೆ ಕಂಪೆನಿಯೇ ಕಲಿಸಿದ್ದು. ಇನ್ನು ತೊಳೆಯಲು ಬರುವುದಿಲ್ಲ ಎಂದು ಐತೆ ಮ್ಯಾನೇಜರಿಗೆ ಹೇಳಿದಳು. ಮಳೆ ಬರಲು ಇಪ್ಪತ್ತು ದಿನ ಇತ್ತು. ಗುಡ್ಡದ ಮೇಲೆ ರಬ್ಬರ್ ಮರಗಳು ಎಣ್ಣೆಗೆ ಕಾಯುತ್ತಿದ್ದವು. ನಮ್ಮ ಮಕ್ಕಳೂ ಕಾಯುತ್ತಿದ್ದರು.

ಐತೆ ಒಳಗೆ ಹೋಗಿ ಕೊಡ ತಂದಳು. ಕೊಡ ಹಿಡಿದು ನನ್ನ ಮುಂದೆ ನಿಂತಳು.

“ನಿಮ್ಮ ಆ ಅಳತೆಯ ಹಗ್ಗ ಎಲ್ಲಿ? ಹೋಗುವ.”

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಗಡಿಕಲ್ಲಿನ ಹತ್ತಿರ ಹಗ್ಗದ ಒಂದು ತುದಿ ಚನಿಯ ಹಿಡಿದ. ಇನ್ನೊಂದು ತುದಿ ಹಿಡಿದು ನಾನು ಮುಂದೆ. ಹಿಂದೆ ಒಂಬತ್ತು ಮನೆಯ ಹೆಂಗಸರು, ಮಕ್ಕಳು, ಕೊಡಗಳು. ಒಂದು ಚೈನು, ಎರಡು, ಮೂರು, ನಾಲ್ಕು. ನಾಲ್ಕು ವರ್ಷದ ಹಿಂದೆ ನಿಂತ ಜಾಗದಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಅದಕ್ಕೆ ಅಭ್ಯಾಸ.

ಧಣಿಗಳು ಜಗಲಿಯಲ್ಲಿ ಎದ್ದು ನಿಂತರು.

“ಏ ಅಂಗಾರ, ಅಲ್ಲೇ ನಿಲ್ಲು. ಬಾವಿ ಹಾಳಾಗ್ತದೆ.”

“ನೀರು ಹಾಳಾಗುವುದು ಹೇಗೆ ಅಂತ ನಾವು ಹೊಳೆಯಲ್ಲಿ ನೋಡಿದ್ದೇವೆ ಧಣಿಗಳೇ. ಅದು ನಮ್ಮ ಕೈಯಿಂದ ಆದದ್ದಲ್ಲ,” ಎಂದೆ. ಹೆದರಿಕೆ ಇತ್ತು. ಇರಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಆಳುಗಳು ಅಂಗಳಕ್ಕೆ ಇಳಿದರು. ಕತ್ತಿ ಹಿಡಿದವರೂ ಇದ್ದರು. ಐತೆ ನನ್ನನ್ನು ದಾಟಿ ಮುಂದೆ ನಡೆದಳು. ಅವಳ ಹಿಂದೆ ನಾನು ಹಗ್ಗ ಬಿಗಿಯಾಗಿ ಹಿಡಿದು, ಕೆಂಪು ನೂಲು ಎಣಿಸುತ್ತ ನಡೆದೆ. ಹತ್ತು. ಇಪ್ಪತ್ತು. ಇಪ್ಪತ್ತಕ್ಕೆ ಬಾವಿ ಬರಬೇಕಿತ್ತು, ಬರಲಿಲ್ಲ. ಸರ್ಕಾರದ ಮೊಹರಿನ ಪ್ರಕಾರ ನಾನು ಬಾವಿಯೊಳಗೆ ನಿಂತಿದ್ದೆ. ನಡೆದೆ. ಮೂವತ್ತೊಂದಕ್ಕೆ ನನ್ನ ಕೈ ಕಟ್ಟೆಗೆ ತಾಗಿತು. ಕಲ್ಲು ತಣ್ಣಗಿತ್ತು.

ಹಗ್ಗದ ತುದಿಯನ್ನು ಐತೆ ನನ್ನ ಕೈಯಿಂದ ತೆಗೆದುಕೊಂಡು ಕೊಡದ ಕುತ್ತಿಗೆಗೆ ಕಟ್ಟಿದಳು. ಕೆಳಗೆ ಬಿಟ್ಟಳು. ನೂಲು ನೂಲಾಗಿ ಹಗ್ಗ ಒಳಗೆ ಇಳಿಯಿತು. ನಮ್ಮ ಜನ್ಮದಲ್ಲಿ ಕೇಳದ ಒಂದು ಸದ್ದು ಕೆಳಗಿನಿಂದ ಬಂತು, ಕೊಡ ಮುಳುಗಿ ನೀರು ತುಂಬುವ ಸದ್ದು. ಹುಣ್ಣಿನ ಕೈಗೆ ಹಗ್ಗ ಕಚ್ಚಿ ರಕ್ತ ಬಂದರೂ ಅವಳು ಬೇರೆಯವರಿಗೆ ಕೊಡಲಿಲ್ಲ. ತಾನೇ ಎಳೆದಳು.

ನಾನು ಸೊಂಟದಿಂದ ಕ್ಯಾಲೆಂಡರಿನ ನಕ್ಷೆ ತೆಗೆದೆ. ಪ್ರಶ್ನೆಯ ಗುರುತು ಹೊಡೆದುಹಾಕಿ, ನಾಲ್ಕು ಚೈನು ಮೂವತ್ತೊಂದು ಲಿಂಕು ಎಂದು ಬರೆದೆ. ಸರ್ಕಾರದ ನಕ್ಷೆ ಹನ್ನೊಂದು ಲಿಂಕು ತಪ್ಪಿತ್ತು.

ಆಳುಗಳು ಹತ್ತಿರ ಬರುತ್ತಿದ್ದರು. ಐತೆ ಕೊಡ ಎತ್ತಿ ಕುಡಿದಳು. ಅವಳಿಗೆ ಬಾಯಾರಿಕೆ ಇತ್ತು.